ಬಂದರಿಗೆ ಬರುವ ಲಾರಿಗೆ ಸ್ಲಾಟ್ (ಮೊದಲೇ ಕಾದಿರಿಸಿದ ಹೊತ್ತು) ಕಡ್ಡಾಯವಾಗಬೇಕೇ?

ಪರ: ಹೊತ್ತು ತಿಳಿದರೆ ಕ್ರೇನು ನಿಲ್ಲದು

ಚೆನ್ನೈ ಬಂದರಿನಲ್ಲಿ ಹಡಗು ತಡವಾದರೆ ಎಲ್ಲರೂ ಕಡಲಿನ ಕಡೆ ನೋಡುತ್ತಾರೆ. ತೊಡಕು ಎಷ್ಟೋ ಸಲ ಇರುವುದು ಯಾರ್ಡಿನಲ್ಲಿ, ಅಂದರೆ ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿಡುವ ಅಂಗಳದಲ್ಲಿ. ಅದು ತುಂಬಿದರೆ ಹಡಗಿನಿಂದ ಇಳಿಸಿದ ಕಂಟೇನರಿಗೆ ಜಾಗವಿಲ್ಲ. ಅಡಿಯಲ್ಲಿರುವ ಕಂಟೇನರಿಗೆ ಲಾರಿ ಬಂದರೆ ಮೇಲಿನ ಮೂರನ್ನು ಎತ್ತಿ ಬೇರೆಡೆ ಇಡಬೇಕು. ಯಾವ ಲಾರಿ ಯಾವಾಗ ಬರುತ್ತದೆಂದು ಹಿಂದಿನ ರಾತ್ರಿಯೇ ತಿಳಿದರೆ ಅದರ ಕಂಟೇನರನ್ನು ಮೊದಲೇ ಮೇಲಕ್ಕೆ ತಂದಿಡಬಹುದು. ಆಸ್ಟ್ರೇಲಿಯಾದ ಸಿಡ್ನಿಯ ಪೋರ್ಟ್ ಬಾಟನಿ ಬಂದರಿನಲ್ಲಿ 2010ರ ನಿಯಮಾವಳಿ ಬಂದ ಮೇಲೆ ತಡವಾದ ಲಾರಿಗೆ ದಂಡವೇ ಇದೆ. ರೈಲಿಗೆ ಹೊತ್ತಿಗೆ ಸರಿಯಾಗಿ ಹೋಗುವವರು ಬಂದರಿಗೂ ಬರಬಹುದು. ದಂಡ ಎಷ್ಟಿರಬೇಕೆಂಬುದರಲ್ಲಿ ನನಗೂ ಅನುಮಾನವಿದೆ, ಸಣ್ಣ ಮಾಲೀಕರಿಗೆ ರಿಯಾಯಿತಿ ಕೊಡಲಿ. ಸ್ಲಾಟ್ ಮಾತ್ರ ಬೇಕು.

ವಿರೋಧ: ಮೊದಲು ದಾರಿ ಕೊಡಿ

ಹೊಸಕೋಟೆಯಿಂದ ಚೆನ್ನೈಗೆ ರಫ್ತಿನ ಮಿಡಿಸೌತೆ ಸಾಗಿಸುವವರು ನಾವು. ಇರುವುದು ಎರಡೇ ಟ್ರೇಲರ್. ಸ್ಲಾಟ್ ಎಂದರೇನೆಂದು ನಮಗೆ ಚೆನ್ನಾಗಿ ಗೊತ್ತು.

ಎರಡು ವರ್ಷದ ಹಿಂದೆ ಸ್ಲಾಟ್ ಪದ್ಧತಿಯಿದ್ದ ಒಂದು ಯಾರ್ಡಿಗೆ ನನ್ನ ತಮ್ಮ ಬೆಳಿಗ್ಗೆ ಆರಕ್ಕೆ ಮುಟ್ಟಬೇಕಿತ್ತು. ವಾಲಾಜಾಪೇಟೆ ಹತ್ತಿರ ಟ್ಯಾಂಕರ್ ಮಗುಚಿ ರಸ್ತೆ ಬಂದ್. ಮುಟ್ಟಿದಾಗ ಒಂಬತ್ತು ದಾಟಿತ್ತು. "ನಿಮ್ಮ ಟೈಮ್ ಮುಗೀತು, ಹೊಸ ಸ್ಲಾಟ್ ತಗೊಳ್ಳಿ" ಅಂದರು. ಸಿಕ್ಕಿದ್ದು ಮಾರನೇ ದಿನ ಮಧ್ಯಾಹ್ನದ್ದು. ಅಷ್ಟರಲ್ಲಿ ಹಡಗಿನ ಕಟ್‌ಆಫ್, ಅಂದರೆ ಕಂಟೇನರ್ ಒಪ್ಪಿಸುವ ಕಡೆಯ ಹೊತ್ತು, ಮುಗಿದೇ ಹೋಗಿತ್ತು. ತಮ್ಮ ರಸ್ತೆ ಬದಿಯಲ್ಲೇ ಸ್ಟೌ ಹಚ್ಚಿ ಅನ್ನ ಬೇಯಿಸಿಕೊಂಡ. ಕುಡಿಯುವ ನೀರಿಗೆ ಕ್ಯಾನ್ ಹಿಡಿದು ಒಂದು ಕಿಲೋಮೀಟರ್ ನಡೆದ, ಅದೂ ಮೇ ತಿಂಗಳ ಬಿಸಿಲಲ್ಲಿ. ಮಾಲಿನವರು ನಮ್ಮ ಬಾಡಿಗೆಯಲ್ಲಿ ಎಂಟು ಸಾವಿರ ಮುರಿದುಕೊಂಡರು. ಆ ತಿಂಗಳ ಕಂತು ಕಟ್ಟಲು ಅಮ್ಮನ ಬಳೆ ಅಡವಿಟ್ಟೆವು.

ಲಾರಿ ತಡವಾಗುವುದು ಡ್ರೈವರನ ಸೋಮಾರಿತನದಿಂದಲ್ಲ. ಚೆನ್ನೈ ಬಂದರಿಗೆ ಮಧುರವಾಯಲ್‌ನಿಂದ ಮೇಲುರಸ್ತೆ ಕಟ್ಟುತ್ತೇವೆಂದು 2009ರಲ್ಲಿ ಶಂಕುಸ್ಥಾಪನೆ ಮಾಡಿದರು. ಕೂವಂ ನದಿಯಲ್ಲಿ ಕಂಬ ನೆಟ್ಟ ತಕರಾರಿಗೆ 2012ರಲ್ಲಿ ಕೆಲಸ ನಿಂತಿತು. 2022ರಲ್ಲಿ ಮತ್ತೆ ಶಂಕುಸ್ಥಾಪನೆ! ಒಂದೇ ದಾರಿಗೆ ಎರಡು ಸಲ ಕಲ್ಲು ಹಾಕಿದವರು ನಮಗೆ ಗಡಿಯಾರ ತೋರಿಸುತ್ತಾರೆ.

ಅಮೆರಿಕದ ಲಾಸ್ ಏಂಜಲೀಸ್ ಮತ್ತು ಪಕ್ಕದ ಲಾಂಗ್ ಬೀಚ್ ಬಂದರುಗಳ ಟರ್ಮಿನಲ್‌ಗಳಲ್ಲಿ (ಸರಕು ಇಳಿಸಿ ಏರಿಸುವ ನೆಲೆಗಳಲ್ಲಿ) ಸ್ಲಾಟ್ ಇತ್ತಲ್ಲ, 2021ರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಹಡಗು ಕಡಲಲ್ಲಿ ಕಾಯಲಿಲ್ಲವೇ? ಯಾವ ಕಂಟೇನರ್ ಎಲ್ಲಿದೆಯೆಂದು ನೋಡಿಕೊಳ್ಳುವುದು ಯಾರ್ಡಿನವರ ಕೆಲಸ, ನಮ್ಮದಲ್ಲ. ಸಿಡ್ನಿಯ ಹೆಸರೆತ್ತುವವರು ಒಂದು ಮಾತು ನುಂಗುತ್ತಾರೆ: ಲಾರಿಯನ್ನು ಕಾಯಿಸಿದರೆ ಅಲ್ಲಿ ಟರ್ಮಿನಲ್ಲೂ ದಂಡ ಕಟ್ಟಬೇಕು. ಇಲ್ಲಿಯೂ ಮೊದಲು ಅದನ್ನು ಬರೆದುಕೊಡಲಿ. ಗೇಟಿನ ಹತ್ತಿರ ನೀರು, ಶೌಚಾಲಯ, ಗಾಡಿ ನಿಲ್ಲಿಸಲು ಜಾಗ ಮಾಡಲಿ. ಸ್ಲಾಟಿನ ಮಾತು ಆಮೇಲೆ ಆಡೋಣ.