ಸುತ್ತುದಾರಿಯ ಟಿಎ ಬಿಲ್ಲು

ನ್ಯೂಯಾರ್ಕ್ ಟ್ರಿಬ್ಯೂನ್ ಸಂಪಾದಕ ಹೊರೇಸ್ ಗ್ರೀಲಿ 1848ರ ಡಿಸೆಂಬರಲ್ಲಿ ಅಮೆರಿಕದ ಕಾಂಗ್ರೆಸ್‌ಗೆ ಮೆಂಬರಾಗಿ ಹೋದ, ಅದೂ ಯಾರದ್ದೋ ಖಾಲಿ ಸೀಟಿಗೆ, ಬರೀ ಮೂರು ತಿಂಗಳಿಗೆ. ಹೊಸಬ್ರು ತೆಪ್ಪಗೆ ಕೂತು ಭತ್ಯೆ ತಗೊಂಡು ಬರ್ಬೇಕು ತಾನೆ? ಈ ಮಹಾಶಯ ಪಕ್ಕದಲ್ಲಿ ಕೂತೋರ ಟಿಎ ಬಿಲ್ಲಿಗೇ ಕೈ ಹಾಕ್ದ.

ರೂಲ್ಸ್ ಏನಪ್ಪಾ ಅಂದ್ರೆ 20 ಮೈಲಿಗೆ 8 ಡಾಲರ್, ಹೋಗೋಕೂ ಬರೋಕೂ, ಆದ್ರೆ ಜನ ಸಾಮಾನ್ಯವಾಗಿ ಓಡಾಡೋ ದಾರಿ ಲೆಕ್ಕ. ಯಾವುದದು ಅಂತ ಹೇಳೋರು? ಬಿಲ್ ಬರೆಯೋರೇ! ಸ್ಟೀಮರ್ ಬಂತು, ರೈಲು ಬಂತು, ಸುತ್ತಾದ್ರೂ ಬೇಗ ಹೋಗಬಹುದು, ಖರ್ಚೂ ಕಮ್ಮಿ, ಮೈಲಿ ಮಾತ್ರ ಜಾಸ್ತಿ. ಯಾರಿಗುಂಟು ಯಾರಿಗಿಲ್ಲ.

ಗ್ರೀಲಿ ಅಂಚೆ ಇಲಾಖೆಯ ಹತ್ತಿರದ ದಾರಿ ಲೆಕ್ಕ ತರಿಸಿ, ಒಬ್ಬೊಬ್ಬರ ಹೆಸರಿನ ಮುಂದೆ ಎಷ್ಟು ಮೈಲಿ, ಎಷ್ಟು ಬರ್ಕೊಂಡ್ರು, ಎಷ್ಟು ಡಾಲರ್ ಎಕ್ಸ್‌ಟ್ರಾ ಅಂತ ಪೇಪರಲ್ಲಿ ಹಾಕೇಬಿಟ್ಟ. ಮುಂದೆ ಪ್ರಾಮಾಣಿಕತೆಗೇ ಇನ್ನೊಂದು ಹೆಸರಾದ ಅಬ್ರಹಾಂ ಲಿಂಕನ್ ಕೂಡ ಲಿಸ್ಟಲ್ಲಿ: ಅಂಚೆ ಚೀಲಕ್ಕೆ 780 ಮೈಲಿ ಆದ ದಾರಿ ಲಿಂಕನ್ ಸಾಹೇಬ್ರಿಗೆ 1,626 ಮೈಲಿ! ಎಕ್ಸ್‌ಟ್ರಾ 676 ಡಾಲರ್ 80 ಸೆಂಟ್, ದಿನದ ಭತ್ಯೆ 8 ಡಾಲರ್ ಇದ್ದ ಕಾಲದಲ್ಲಿ. ಕಾನೂನು ಪ್ರಕಾರ ತಪ್ಪೇನಿಲ್ಲ ಬಿಡಿ, ಕಾನೂನು ಮಾಡಿದ್ದೂ ಅವ್ರೇ ಅಲ್ವಾ.

ಸದನಕ್ಕೆ ಬೆಂಕಿ ಬಿತ್ತು. ಮೈಲಿ ಬಗ್ಗೆ ಅಲ್ಲ ಸ್ವಾಮಿ, ಪ್ರಿಂಟ್ ಮಾಡಿದ್ದರ ಬಗ್ಗೆ. ತನಿಖೆ ಗ್ರೀಲಿ ಮೇಲೇ ಆಗ್ಬೇಕು ಅಂತ ಗಲಾಟೆ.

ಆದ್ರೆ ಈ ಮನುಷ್ಯನಿಗೂ ರಾಜಕೀಯದ ಹುಚ್ಚು ಬಿಡ್ಲಿಲ್ಲ ನೋಡಿ. 1872ರಲ್ಲಿ ಪ್ರೆಸಿಡೆಂಟ್ ಗ್ರ್ಯಾಂಟ್ ವಿರುದ್ಧ ಗ್ರ್ಯಾಂಟ್‌ನದೇ ರಿಪಬ್ಲಿಕನ್ ಪಕ್ಷದ ಬಂಡಾಯಗಾರರು ಇವ್ನನ್ನ ನಿಲ್ಸಿದ್ರು, ಬೇರೆ ಗತಿ ಇಲ್ದೆ ಎದುರು ಪಕ್ಷದ ಡೆಮಾಕ್ರಟ್‌ಗಳೂ ಇವ್ನೇ ನಮ್ಮ ಕ್ಯಾಂಡಿಡೇಟ್ ಅಂದ್ರು. ಯಾರು, ಮೂವತ್ತು ವರ್ಷ ಟ್ರಿಬ್ಯೂನಲ್ಲಿ ಬಾಯಿಗೆ ಬಂದಂಗೆ ಬೈಸ್ಕೊಂಡ ಅದೇ ಡೆಮಾಕ್ರಟ್‌ಗಳು! ಬೈದವ್ನಿಗೂ ನಾಚಿಕೆ ಇಲ್ಲ, ಬೈಸ್ಕೊಂಡೋರಿಗೂ ಇಲ್ಲ. ಗೆದ್ದಿದ್ದು ಆರೇ ರಾಜ್ಯ. ಎಲೆಕ್ಷನ್‌ಗೆ ಒಂದು ವಾರ ಇರೋವಾಗ ಹೆಂಡ್ತಿ ತೀರ್ಕೊಂಡ್ಲು, ನವೆಂಬರ್ 29ಕ್ಕೆ ಅವ್ನೂ ಹೋದ, ಗೆದ್ದ ರಾಜ್ಯಗಳ ಪರವಾಗಿ ಪ್ರೆಸಿಡೆಂಟ್‌ಗೆ ಕೊನೇ ವೋಟ್ ಹಾಕೋ ಅವ್ನ ಎಲೆಕ್ಟರ್‌ಗಳು ಇನ್ನೂ ವೋಟೇ ಹಾಕಿರ್ಲಿಲ್ಲ. ಬೇರೆಯವ್ರೆಲ್ಲಾ ಬದುಕಿರೋ ಹೆಸರು ಹುಡುಕ್ಕೊಂಡ್ರು, ಜಾರ್ಜಿಯಾದ ಮೂವರು ಮಾತ್ರ ಸತ್ತೋನಿಗೇ ವೋಟ್ ಹಾಕಿದ್ರು. ಕಾಂಗ್ರೆಸ್ ಆ ಮೂರನ್ನ ಎಣಿಸ್ಲಿಲ್ಲ, ಆದ್ರೂ ಡೆಮಾಕ್ರಟ್‌ಗಳು ಗ್ರೀಲಿಗೆ ಮನಸಾರೆ ಹಾಕಿದ ವೋಟು ಅಂದ್ರೆ ಬಹುಶಃ ಅವೇ, ಇನ್ನು ವಾಪಸ್ ಬೈಯೋ ಹಂಗಿರ್ಲಿಲ್ವಲ್ಲ.