ಅಂಕಿ ತುಂಬಿದ ಮಾತ್ರಕ್ಕೆ ಸಕ್ಕರೆ ಇಳಿಯುವುದಿಲ್ಲ

ರಕ್ತದ ಸಕ್ಕರೆಯ ಅಂಕಿ ಬರೆದಿಡುವ ಮೊಬೈಲ್ ಆ್ಯಪ್ ಹಾಕಿಕೊಂಡರೆ ಮಧುಮೇಹ ಅರ್ಧ ಹತೋಟಿಗೆ ಬಂದಂತೆ ಎಂಬ ಧಾಟಿಯ ಲೇಖನವೊಂದನ್ನು ಓದಿದೆ; ಆ ಧಾಟಿಗೆ ನನ್ನ ತಕರಾರಿದೆ. ನಾನೂ ಶ್ರದ್ಧೆಯಿಂದಲೇ ಶುರು ಮಾಡಿದೆ. ಆದರೆ ಸಕ್ಕರೆ 118 ಬಂದ ದಿನ ಬರೆದೆ, 210 ಬಂದ ದಿನ ಮೆಲ್ಲಗೆ ಮರೆತೆ. ಗ್ರಾಫ್ ನೋಡಲು ಬಲು ಚೆಂದವಿತ್ತು! ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾತ್ರ ನನ್ನ ಜಾಣತನಕ್ಕೆ ಸೊಪ್ಪು ಹಾಕಲಿಲ್ಲ: ಶೇ 8.4, ಅಂದರೆ ಸಕ್ಕರೆ ಹತೋಟಿಯಲ್ಲಿರಲೇ ಇಲ್ಲ.

ಈಗ ಊಟಕ್ಕೆ ಮುಂಚೆ ಒಮ್ಮೆ, ಊಟ ಶುರುವಾದ ಎರಡು ಗಂಟೆಗೆ ಮತ್ತೊಮ್ಮೆ ನೋಡಿ, ಅಂಕಿಯ ಪಕ್ಕದಲ್ಲಿ ‘ನಿದ್ದೆ ಕೆಟ್ಟಿತ್ತು’, ‘ನಡೆದಿಲ್ಲ’ ಎಂದು ಎರಡು ಪದ ಸೇರಿಸುತ್ತೇನೆ. ಕಳೆದ ಭೇಟಿಯಲ್ಲಿ ವೈದ್ಯರು ಮೊದಲು ಓದಿದ್ದು ಆ ಪದಗಳನ್ನೇ.

ಲೇಖನ ಬಿಟ್ಟುಬಿಟ್ಟ ಒಂದು ವಿಷಯವಿದೆ. ತೋಳಿಗೆ ಅಂಟಿಸುವ, ಮೊಬೈಲ್‌ಗೆ ಅಂಕಿ ಕಳಿಸುವ ಸೆನ್ಸರ್ ಅಳೆಯುವುದು ರಕ್ತದ ಸಕ್ಕರೆಯನ್ನಲ್ಲ, ಚರ್ಮದಡಿಯ ದ್ರವದ ಸಕ್ಕರೆಯನ್ನು. ಸಕ್ಕರೆ ವೇಗವಾಗಿ ಇಳಿಯುವಾಗ ಮೊಬೈಲ್ ಪರದೆ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಕೈ ನಡುಗಿ ಬೆವರು ಕಿತ್ತು ಬರುತ್ತಿದ್ದರೆ, ಪರದೆ 90 ಎಂದರೂ ನಂಬದೆ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.