ಹಳೆಯ ಯಂತ್ರಗಳಿಗೊಂದು ಪಂಪ್ ಉಳಿಸಿಕೊಡಿ

ಅಡಿಕೆ ಕೊನೆ ಕೊಯ್ಲು ಶುರುವಾಗುವ ಮೊದಲು ತೋಟದ ಕಳೆ ತೆಗೆಸಿಬಿಡೋಣವೆಂದು ಕೊಟ್ಟಿಗೆಯ ಅಟ್ಟದಿಂದ ಕಳೆ ಕೊಚ್ಚುವ ಯಂತ್ರವನ್ನು ಇಳಿಸಿದೆ. ಜೂನ್‌ನಲ್ಲಿ ಎತ್ತಿಟ್ಟದ್ದು. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಹಾಗೆಯೇ ಉಳಿದಿತ್ತು. ಹಗ್ಗ ಎಳೆದೆಳೆದು ರಟ್ಟೆ ಸೋತಿತೇ ಹೊರತು ಯಂತ್ರ ಒಮ್ಮೆ ಕೆಮ್ಮಲೂ ಇಲ್ಲ. ಕೆಲಸಕ್ಕೆ ಬಂದ ಆಳಿಗೆ ಅರ್ಧ ದಿನದ ಕೂಲಿ ಕೊಟ್ಟು ಕಳುಹಿಸಿ, ಯಂತ್ರವನ್ನು ಬೈಕಿಗೆ ಕಟ್ಟಿಕೊಂಡು ಪೇಟೆಗೆ ಹೋದೆ.

ಮೆಕ್ಯಾನಿಕ್ ಮೊದಲು ಟ್ಯಾಂಕಿನಲ್ಲಿದ್ದುದನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬಾಗಿಲ ಬೆಳಕಿಗೆ ಹಿಡಿದ. ಒಳಗೆ ಎರಡು ಪದರ. ಮೇಲಿನದು ಆಯಿಲ್‌ನ ನೀಲಿ ಹೊತ್ತ ಪೆಟ್ರೋಲ್. ಕೆಳಗೆ ಒಂದು ಬೆರಳಿನಷ್ಟು ಬಣ್ಣವೇ ಇಲ್ಲದ ದ್ರವ. ಎರಡರ ನಡುವೆ ಅಳತೆಪಟ್ಟಿ ಇಟ್ಟು ಎಳೆದಂತಹ ಗೆರೆ.

"ಕೆಳಗಿರುವುದು ನೀರು ಕುಡಿದ ಎಥನಾಲ್ ಅಣ್ಣಾ. ಬಣ್ಣ ಇಲ್ಲ ಅಂದರೆ ಅದರಲ್ಲಿ ಆಯಿಲ್ ಇಲ್ಲ. ಪೈಪು ಎಳೆದುಕೊಳ್ಳುವುದು ತಳದಿಂದ. ಸ್ಟಾರ್ಟ್ ಆಗದೆ ಇದ್ದದ್ದೇ ಪುಣ್ಯ, ಆಗಿದ್ದರೆ ಪಿಸ್ಟನ್ ಹಿಡಿದುಬಿಡುತ್ತಿತ್ತು" ಎಂದ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿಗೆ ಕಬ್ಬು, ಧಾನ್ಯಗಳಿಂದ ತೆಗೆದ ಎಥನಾಲ್ ಎಂಬ ಮದ್ಯಸಾರ ಬೆರೆಸಿರುತ್ತಾರೆ. ನನ್ನ ಯಂತ್ರದ ಟೂ-ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಇರುವುದಿಲ್ಲ. ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್ ಬೆರೆಸಿ ಹಾಕುತ್ತೇವೆ, ಅದೇ ಅದರ ಜೀವ. ಎಥನಾಲ್ ಬೆರೆಸುವ ಮೊದಲೂ ಟ್ಯಾಂಕಿಗೆ ನೀರು ಸೇರುತ್ತಿತ್ತು. ಜೂನ್ ತಿಂಗಳ ಮಳೆಯಲ್ಲಿ ಮರದ ಬುಡದಲ್ಲಿ ನಿಂತು ಮುಚ್ಚಳ ತೆಗೆದರೆ ಎಲೆಯಿಂದ ನಾಲ್ಕು ಹನಿ ಬೀಳದೆ ಇರುತ್ತದೆಯೇ? ಆದರೆ ಆಗ ಆ ಹನಿಗಳು ಮುತ್ತಿನಂತೆ ತಳದಲ್ಲಿ ಕುಳಿತಿರುತ್ತಿದ್ದವು, ಚೆಲ್ಲಿದರೆ ಮುಗಿಯಿತು. ಎಥನಾಲ್ ಹಾಗಲ್ಲ. ಅದು ನೀರನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ, ಮಲೆನಾಡಿನ ಮಳೆಗಾಲದ ಗಾಳಿಯಿಂದಲೂ ಸ್ವಲ್ಪಸ್ವಲ್ಪವಾಗಿ ಸೆಳೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ತಳಕ್ಕಿಳಿಯುತ್ತದೆ.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿದಾಗ ಇನ್ನೂ ಬೇಸರವಾಯಿತು. ಈರುಳ್ಳಿ ಪೊರೆಯಷ್ಟು ತೆಳುವಾಗಿ, ಮೆತ್ತಗೆ ಇರಬೇಕಾದ ಡಯಾಫ್ರಮ್ ಒಣಗಿದ ಹಲಸಿನ ಎಲೆಯಂತೆ ಸೆಟೆದುಕೊಂಡಿತ್ತು. ಹೆಬ್ಬೆರಳಿನಲ್ಲಿ ಒತ್ತಿ ಪೆಟ್ರೋಲ್ ಏರಿಸುವ ಗುಳ್ಳೆ ಒಡೆದಿತ್ತು. ಲೋಹದ ಮೈಮೇಲೆ ಸುಣ್ಣದ ಹುಡಿಯಂತಹ ಬಿಳಿ. ನನ್ನ ಯಂತ್ರದ ಕೈಪಿಡಿಯಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲ್ ಹಾಕಬಾರದೆಂದು ಸ್ಪಷ್ಟವಾಗಿ ಬರೆದಿದೆ. ನಮ್ಮ ಕಡೆಯ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20ರದ್ದು ಮಾತ್ರ. ಕೈಪಿಡಿ ಓದಿ ನಾನೇನು ಮಾಡಲಿ?

ಎಥನಾಲ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬು ಬೆಳೆಗಾರರ ಬಾಕಿ ಹಣದ ಗೋಳನ್ನು ಎಷ್ಟು ವರ್ಷ ಓದಿದ್ದೇವೆ! ಎಥನಾಲ್‌ನಿಂದ ಕಾರ್ಖಾನೆಗಳ ಕೈಗೆ ಬೇಗ ಹಣ ಬಂದು, ಅದು ರೈತನ ಮನೆ ಮುಟ್ಟುವುದಾದರೆ ಅಡಿಕೆ ಬೆಳೆಯುವ ನನಗೂ ಸಂತೋಷ. 2014-15ರಿಂದ ಈಚೆಗೆ 1.44 ಲಕ್ಷ ಕೋಟಿ ರೂಪಾಯಿಗೂ ಹೆಚ್ಚಿನ ವಿದೇಶಿ ವಿನಿಮಯ ಉಳಿದಿದೆ ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿತು. ಅದು ಸಣ್ಣ ಮಾತಲ್ಲ. ಹಾಗೆಯೇ, ಮೈಲೇಜ್ ಅರ್ಧಕ್ಕರ್ಧ ಇಳಿಯಿತು ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವುದನ್ನು ನಂಬಬೇಡಿ. ನೀತಿ ಆಯೋಗದ 2021ರ ವರದಿಯ ಅಂದಾಜಿನ ಪ್ರಕಾರ ಹಳೆಯ ದ್ವಿಚಕ್ರ ವಾಹನಗಳಲ್ಲಿ ಇಳಿಕೆ ಶೇಕಡಾ 3ರಿಂದ 4, ಕಾರುಗಳಲ್ಲಿ 6ರಿಂದ 7. ಲೀಟರಿಗೆ 60 ಕಿಲೋಮೀಟರ್ ಕೊಡುವ ಬೈಕ್ ಎರಡು ಕಿಲೋಮೀಟರ್ ಕಡಿಮೆ ಓಡಬಹುದು. ಎಥನಾಲ್‌ನಲ್ಲಿರುವ ಶಾಖವೇ ಪೆಟ್ರೋಲಿನ ಮೂರನೇ ಎರಡರಷ್ಟು, ಆದ್ದರಿಂದ ಅಷ್ಟು ಇಳಿಯಲೇಬೇಕು.

ಅದೇ ವರದಿಯಲ್ಲಿ ಇನ್ನೂ ಎರಡು ಮಾತುಗಳಿದ್ದವು. ಹಳೆಯ ವಾಹನಗಳ ರಕ್ಷಣೆಗಾಗಿ ಶೇಕಡಾ 10ರ ಪೆಟ್ರೋಲ್ ಬಂಕ್‌ಗಳಲ್ಲಿ ಮುಂದುವರಿಯಬೇಕು ಎಂಬುದು ಒಂದು. ಶಾಖ ಕಡಿಮೆಯಿರುವುದರಿಂದ ಗ್ರಾಹಕನಿಗೆ ಬೆಲೆಯಲ್ಲಿ ಪರಿಹಾರ ಸಿಗಬೇಕು ಎಂಬುದು ಇನ್ನೊಂದು. ಎರಡೂ ಕಾಗದದಲ್ಲೇ ಉಳಿದವು. ಬೆಲೆಯ ವಿಷಯದಲ್ಲಾದರೂ ಸಚಿವಾಲಯದ ಉತ್ತರ ಅರ್ಥವಾಗುತ್ತದೆ: ಎಥನಾಲ್ ಕೊಳ್ಳುವ ದರವೇ ಪೆಟ್ರೋಲಿಗಿಂತ ಹೆಚ್ಚಾಗಿದೆಯಂತೆ. ಆದರೆ ಆ ಒಂದು ಪಂಪನ್ನು ಏಕೆ ಕಿತ್ತುಕೊಂಡರು? ಎಥನಾಲ್ ಇಲ್ಲದ ಪೆಟ್ರೋಲನ್ನೂ ಆಯ್ದುಕೊಳ್ಳಲು ಅವಕಾಶ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯೂ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು.

ಹಳೆಯ ಕೆಲವು ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ನಂತರ ರಬ್ಬರಿನ ಭಾಗಗಳನ್ನು ಬದಲಿಸಬೇಕಾಗಬಹುದು, ಅದಕ್ಕೆ ಹೆಚ್ಚಿನ ಖರ್ಚಿಲ್ಲ ಎಂದು ಸಚಿವಾಲಯ ಸಮಾಧಾನ ಹೇಳಿತು. ನಿತ್ಯ ಓಡುವ ಕಾರಿಗೆ ಆ ಲೆಕ್ಕ ಸರಿಯಿರಬಹುದು. ನನ್ನ ಕಳೆ ಯಂತ್ರ ಎಷ್ಟು ಕಿಲೋಮೀಟರ್ ಓಡುತ್ತದೆ? ಔಷಧಿ ಹೊಡೆಯುವ ಪಂಪ್ ಸೆಟ್, ಮರ ಕೊಯ್ಯುವ ಗರಗಸ, ಸಣ್ಣ ಜನರೇಟರ್, ಇವೆಲ್ಲ ವರ್ಷದಲ್ಲಿ ಇಪ್ಪತ್ತು ದಿನ ದುಡಿದು ಉಳಿದ ದಿನ ಮೂಲೆಯಲ್ಲಿರುತ್ತವೆ. ಅವು ಹಾಳಾಗುವುದು ಓಡಿ ಅಲ್ಲ, ಸುಮ್ಮನೆ ನಿಂತು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಕೊಡುವ ಬಿಡುವು ಎರಡು ದಿನ. ಆ ಎರಡು ದಿನ ಯಂತ್ರ ಕೈಕೊಟ್ಟರೆ ಹೋಗುವುದು ಮುನ್ನೂರು ರೂಪಾಯಿಯ ರಬ್ಬರ್ ಅಲ್ಲ, ವರ್ಷದ ಫಸಲು.

ಮನೆಯಲ್ಲಿ ಅಪ್ಪನ ಯೆಜ್ಡಿ ಬೈಕೂ ಇದೆ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದದ್ದು, ಆ ಕಾರ್ಖಾನೆ ಮುಚ್ಚಿ 1996ಕ್ಕೇ ಮುಗಿಯಿತು. ಈಗಿನ ಬೈಕ್‌ಗಳಲ್ಲಿ ಹೊಗೆಯೊಳಗಿನ ಆಮ್ಲಜನಕವನ್ನು ಅಳೆದು ಪೆಟ್ರೋಲ್ ಹೆಚ್ಚುಕಡಿಮೆ ಮಾಡಿಕೊಳ್ಳುವ ಸೆನ್ಸರ್ ಇದೆ. ಯೆಜ್ಡಿಯ ಕಾರ್ಬ್ಯುರೇಟರ್‌ನಲ್ಲಿರುವುದು ಅಳತೆ ಬದಲಾಗದ ಒಂದು ಹಿತ್ತಾಳೆಯ ತೂತು, ಅದೇ ಜೆಟ್. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ಬರುತ್ತದೆ, ಹಾಗಾಗಿ ಅದೇ ತೂತಿನಲ್ಲಿ ಇಳಿಯುವ ಇಂಧನ ಗಾಳಿಗೆ ಸಾಲುವುದಿಲ್ಲ, ಎಂಜಿನ್ ಬಿಸಿಯಾಗುತ್ತದೆ. ಜೆಟ್ ಬದಲಿಸಿ, ಪೈಪುಗಳನ್ನೆಲ್ಲ ಹೊಸದು ಹಾಕಿಸಿದ್ದೇನೆ. ಅಪ್ಪನ ನೆನಪಿಗಾಗಿ ನಾನು ಖರ್ಚು ಮಾಡಿಕೊಂಡೆ. 2015ರ ಸ್ಕೂಟರ್‌ನಲ್ಲಿ ಹಾಲು ಹಾಕುವ ಪಕ್ಕದ ಮನೆಯವರು ಏಕೆ ಮಾಡಬೇಕು? ಶೇಕಡಾ 20ಕ್ಕೆ ಹೊಂದುವ ವಾಹನಗಳು ಮಾರುಕಟ್ಟೆಗೆ ಬರತೊಡಗಿದ್ದೇ 2023ರಿಂದ.

ಬೇರೆ ದೇಶದವರು ಇದನ್ನೇ ಸ್ವಲ್ಪ ಕಾಳಜಿಯಿಂದ ಮಾಡಿದ್ದಾರೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಶೇಕಡಾ 10 ತಂದಾಗ ಹಳೆಯ ವಾಹನಗಳಿಗೆಂದು ಶೇಕಡಾ 5ರ ಪೆಟ್ರೋಲನ್ನು ಉಳಿಸಿಕೊಂಡರು. ಅಮೆರಿಕದಲ್ಲಿ ಶೇಕಡಾ 15ರ ಪಂಪಿನ ಮೇಲೆ 2001ಕ್ಕಿಂತ ಹಳೆಯ ಕಾರಿಗೆ, ಬೈಕ್‌ಗೆ, ತೋಟದ ಯಂತ್ರಗಳಿಗೆ ಇದನ್ನು ಹಾಕಬೇಡಿ ಎಂಬ ಚೀಟಿ ಕಡ್ಡಾಯ. ಬ್ರೆಜಿಲ್ ನೋಡಿ ಕಲಿಯಿರಿ ಎನ್ನುವವರು, ಅಲ್ಲಿ 1975ರಿಂದ ಈ ಕೆಲಸ ನಡೆದಿದೆ, ಯಾವ ಮಿಶ್ರಣಕ್ಕೂ ಹೊಂದುವ ಕಾರುಗಳು 2003ರಿಂದಲೇ ರಸ್ತೆಯಲ್ಲಿವೆ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇಕಡಾ 20ಕ್ಕೆ ಚಾಲನೆ ಕೊಟ್ಟರು, ಎರಡೂವರೆ ವರ್ಷದೊಳಗೆ ಊರೂರಿಗೂ ಅದೇ ಆಯಿತು.

ಎಥನಾಲ್ ಇಲ್ಲದ 100 ಆಕ್ಟೇನ್ ಪೆಟ್ರೋಲ್ ದೊಡ್ಡ ನಗರಗಳ ಕೆಲವು ಬಂಕ್‌ಗಳಲ್ಲಿದೆ, ಲೀಟರಿಗೆ 150 ರೂಪಾಯಿ ದಾಟುತ್ತದೆ. ಕಳೆ ಕೊಚ್ಚಲು ಅದನ್ನು ತರುವುದು ಆಗದ ಮಾತು. ನಾನು ಕೇಳುತ್ತಿರುವುದು ತಾಲ್ಲೂಕಿಗೆ ಒಂದು ಬಂಕ್‌ನಲ್ಲಿ ಶೇಕಡಾ 10ರ ಒಂದು ಪಂಪ್, ಮತ್ತು ಪ್ರತಿ ಪಂಪಿನ ಮೇಲೆ ಎಥನಾಲ್ ಎಷ್ಟಿದೆ ಎಂದು ಕನ್ನಡದಲ್ಲಿ ದಪ್ಪಕ್ಷರದ ಬರಹ.

ಅಲ್ಲಿಯವರೆಗೆ ದಯವಿಟ್ಟು ಇಷ್ಟು ಮಾಡಿ. ಆ ದಿನಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಯಂತ್ರ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಎತ್ತಿಡಿ. ಹಳೆಯ ಕ್ಯಾನಿನದನ್ನು ಹಾಕುವ ಮುಂಚೆ ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿ.

ಮೆಕ್ಯಾನಿಕ್ ಅಂಗಡಿಯ ಆ ಬಾಟಲಿಯನ್ನು ಬಿರಡೆ ಹಾಕಿಸಿ ಕೇಳಿ ತಂದಿದ್ದೇನೆ. ಮುಂದಿನ ತಿಂಗಳು ನಮ್ಮ ಅಡಿಕೆ ಸೊಸೈಟಿಯ ಸಭೆ ಇದೆ. ಅದನ್ನು ಮೇಜಿನ ಮೇಲಿಟ್ಟು, ನಮ್ಮ ತಾಲ್ಲೂಕಿಗೆ ಆ ಒಂದು ಪಂಪ್ ಬೇಕೆಂದು ಠರಾವು ಮಾಡಿ ಸಂಸದರಿಗೆ ಕಳುಹಿಸೋಣ ಎಂದು ಕೇಳುತ್ತೇನೆ. ನಿಮ್ಮ ಸೊಸೈಟಿಯಲ್ಲೂ ಕೇಳಿ.